ಕಾದ ಕಡಲಿನಲ್ಲಿ ಒಂಬತ್ತು ಡಿಗ್ರಿ

ನಂಬುವವರು ನಂಬಿ, ಬಿಡುವವರು ಬಿಡಿ. ಕುವೈತಿನ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿರುವವಳು ನಾನು. ಹೆಣ ನೋಡಿ ಹೆದರಿದವಳಲ್ಲ, ಕಥೆ ಕಟ್ಟುವ ಪುರುಸೊತ್ತೂ ನನಗಿಲ್ಲ. ಇದು ಕಳೆದ ಜುಲೈಯಲ್ಲಿ ನನ್ನ ಕಣ್ಣೆದುರೇ ನಡೆದದ್ದು.

ನನ್ನ ಗಂಡ ದಿನಕರ. ಇಲ್ಲೇ ರಾಯ್ ಎಂಬ ಕಡೆ ಒಂದು ಶೋರೂಮಿನಲ್ಲಿ ಕೆಲಸ. ಅವರಿಗೆ ಮೀನು ಹಿಡಿಯುವ ಹುಚ್ಚು. ಸ್ಕಾಟ್ಲೆಂಡಿಗೆ ವಾಪಸಾದ ಮುದುಕ ಡಾಕ್ಟರೊಬ್ಬರು ತಮ್ಮ ಗಾಳದ ಕೋಲನ್ನು ಇವರಿಗೆ ಕೊಟ್ಟುಹೋಗಿದ್ದರು. ಅದಕ್ಕೆ ಎರೆಹುಳ ಬೇಡ, ಪುಕ್ಕ ಸುತ್ತಿದ ಕೊಕ್ಕೆಯನ್ನು ಹುಳದ ಹಾಗೆ ನೀರಿನ ಮೇಲೆ ಇಳಿಸುವುದು. ಜೊತೆಗೆ ಟ್ರೌಟ್ ಎಂಬ ಹೊಳೆಮೀನಿನ ಆಸೆಯನ್ನೂ ಹತ್ತಿಸಿ ಹೋದರು. ಅವರ ಊರಿನಲ್ಲಿ ಅಣೆಕಟ್ಟಿನ ತಳದಿಂದ ಬಿಡುವ ನೀರು ನಡುಬೇಸಿಗೆಯಲ್ಲೂ ಐಸಿನಷ್ಟು ತಣ್ಣಗಂತೆ, ಟ್ರೌಟಿಗೆ ಅದೇ ಬೇಕಂತೆ. ಸೈರನ್ ಕೂಗಿದರೆ ಗೇಟು ತೆಗೆದರು ಎಂದರ್ಥ, ಎಲ್ಲ ಬಿಟ್ಟು ದಡಕ್ಕೆ ಓಡಬೇಕಂತೆ. ಊಟಕ್ಕೆ ಕೂತರೂ ಇವರದು ಇದೇ ಪುರಾಣ.

ಬೇಸಿಗೆಯಲ್ಲಿ ಇಲ್ಲಿ ಸೂರ್ಯ ಹುಟ್ಟಿದ ಮೇಲೆ ಕಡಲ ಬದಿಗೆ ಹೋಗುವ ಹಾಗೇ ಇಲ್ಲ. ಅದಕ್ಕೇ ಆ ಶುಕ್ರವಾರ ರಾತ್ರಿ ಎರಡಕ್ಕೇ ಹೊರಟೆವು. ಊರಾಚೆಯ ಖಾಲಿ ದಡ, ನಮ್ಮದು ಬಿಟ್ಟು ಒಂದು ಕಾರೂ ಇಲ್ಲ. ಅವರು ದಾರ ಕಟ್ಟಿದ ಥರ್ಮಾಮೀಟರ್ ಅದ್ದಿ ನೋಡಿದರು. ಮೂವತ್ತನಾಲ್ಕು. ಅದನ್ನು ನೀರಲ್ಲೇ ಬಿಟ್ಟು ದಾರದ ತುದಿಯನ್ನು ನನ್ನ ಕೈಗೆ ಕೊಟ್ಟರು.

“ಚಾ ಮಾಡ್ಬಹುದು ಮಾರಾಯ್ತಿ ಇದ್ರಲ್ಲಿ,” ಎಂದು ನಗುತ್ತಾ ಮೊಣಕಾಲು ನೀರಿಗೆ ಇಳಿದರು. ನಾನು ಚಪ್ಪಲಿ ಬಿಚ್ಚಿ ದಡದಲ್ಲಿ ಕೂತೆ.

ಹತ್ತು ನಿಮಿಷ ಆಗಿರಬಹುದು. ಮೊದಲು ವಾಸನೆ ಬಂತು... ಪಾಚಿ ಹಿಡಿದ ಕಲ್ಲಿನ ವಾಸನೆ, ಹೊಳೆಯದ್ದು. ಆಮೇಲೆ ಕಾಲಿಗೆ ನೀರು ತಾಗಿತು. ಅಬ್ಬಾ! ಫ್ರಿಜ್ಜಿನಿಂದ ಸುರಿದ ಹಾಗೆ! ಅಲೆಯೂ ಅಲ್ಲ, ಎಡದಿಂದ ಬಲಕ್ಕೆ ಸುಮ್ಮನೆ ಹರಿಯುವ ನೀರು. ಥರ್ಮಾಮೀಟರಿನ ದಾರ ಎಳೆದು ಟಾರ್ಚ್ ಹಾಕಿದೆ. ಒಂಬತ್ತು.

ಆಗ ಸೈರನ್ ಕೂಗಿತು. ದೂರದಲ್ಲಿ, ಉದ್ದಕ್ಕೆ... ಕುವೈತಿನಲ್ಲಿ ಹೊಳೆಯೇ ಇಲ್ಲ, ಇನ್ನು ಅಣೆಕಟ್ಟು ಎಲ್ಲಿಂದ?

“ಹೊರಗೆ ಬನ್ನಿ! ಕೇಳ್ಲಿಲ್ವಾ ನಿಮಗೆ?”

“ಕೇಳ್ತು.” ಅವರು ತಿರುಗಲಿಲ್ಲ. ಪಿಸುದನಿಯಲ್ಲಿ ಹೇಳಿದರು: “ಶ್... ಟ್ರೌಟ್ ಮೇಲೆ ಬಂದುಂಟು ಶಶಿ. ಎಷ್ಟುಂಟು ನೋಡು...”

ಸೈರನ್ ಕೇಳಿದರೆ ಓಡಬೇಕೆಂದು ನನಗೆ ನೂರು ಸಲ ಹೇಳಿದವರೇ ಒಂದೊಂದು ಹೆಜ್ಜೆ ಮುಂದಕ್ಕೆ ಇಡುತ್ತಿದ್ದರು. ನೀರು ಸೊಂಟಕ್ಕೆ ಬಂತು. ಎದೆಗೆ ಬಂತು.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಂಥದ್ದು ಎದುರಾದರೆ ಬಾಯಿಗೆ ಬಂದ ಹಾಗೆ ಬೈಯಬೇಕು, ಬೈಗುಳಕ್ಕೆ ಅವು ನಿಲ್ಲುವುದಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನೀರಿಗೆ ನುಗ್ಗಿದೆ. ಅವರ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಬರೆಯಲಾಗದ್ದನ್ನೆಲ್ಲ ತುಳುವಿನಲ್ಲಿ ಬೈದೆ. ಅದು ಸಾಲದೆ ಕನ್ನಡಕ್ಕೆ ಅರಬಿ ಬೆರೆಸಿಯೂ ಕಿರುಚಿದೆ.

“ನೀನು ಯಾರು ಬೇಕಾದ್ರೂ ಆಗಿರು! ಇವರಿಗೆ ಇರ್ಲಿಕ್ಕೆ ಇಕಾಮಾ ಕೊಟ್ಟದ್ದು ಕುವೈತು, ನಿನ್ನ ಹೊಳೆಯಲ್ಲ! ಬಿಡು ಇವರನ್ನ! ಯಲ್ಲಾ, ಹೋಗು! ಖಲಾಸ್!”

ಆ ಕಡೆಯಿಂದಲೂ ಯಾರೋ ಎಳೆಯುತ್ತಿದ್ದರು. ಇದನ್ನು ಆಣೆ ಇಟ್ಟು ಹೇಳುತ್ತೇನೆ. ನೀರಿನ ಸೆಳೆತ ಹಾಗೆ ತಡೆದು ತಡೆದು ಎಳೆಯುವುದಿಲ್ಲ. ನಾನು ಬಿಡಲಿಲ್ಲ. ಒಮ್ಮೆಲೇ ಸಡಿಲವಾಗಿ ಇಬ್ಬರೂ ಹಿಂದಕ್ಕೆ ಬಿದ್ದೆವು... ಬಿಸಿಬಿಸಿ ಉಪ್ಪುನೀರಿಗೆ. ದೂರದ ಮಸೀದಿಯಲ್ಲಿ ಬಾಂಗ್ ಶುರುವಾಗಿತ್ತು.

ಗಾಳದ ಕೋಲನ್ನು ಅಲ್ಲೇ ಮುರಿದು ಎಸೆದೆ. ಏನು ನೋಡಿದಿರಿ ಎಂದು ಈಗಲೂ ಕೇಳಿದರೆ, “ಎಂತ ಇಲ್ಲ ಮಾರಾಯ್ತಿ,” ಎನ್ನುತ್ತಾರೆ.

ಇನ್ನು ಇದನ್ನು ಕೇಳಿ. ಬ್ನೇದ್ ಅಲ್ ಗಾರ್‌ನಲ್ಲಿ ನಮ್ಮ ಮನೆ ಇರುವುದು ಏಳನೇ ಮಹಡಿಯಲ್ಲಿ. ಆ ರಾತ್ರಿಯ ನಂತರ ಬಾಗಿಲಿಗೆ ಬೀಗ ಹಾಕಿ ಕೀಯನ್ನು ನನ್ನ ದಿಂಬಿನಡಿ ಇಟ್ಟುಕೊಳ್ಳುತ್ತೇನೆ. ಹೋದ ವಾರ ಬೆಳಿಗ್ಗೆ ಎಬ್ಬಿಸಲು ನೋಡಿದರೆ, ಮಲಗಿದ್ದ ಅವರ ಪ್ಯಾಂಟು ಸೊಂಟದವರೆಗೆ ಒದ್ದೆ. ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗೆ. ಬೀಗ ಹಾಕಿದ ಹಾಗೇ ಇತ್ತು.

ಬರಲಿ. ಅವತ್ತಿನಿಂದ ನನ್ನ ದುಪಟ್ಟಾದ ಒಂದು ತುದಿಯನ್ನು ಅವರ ಕೈಗೆ, ಇನ್ನೊಂದನ್ನು ನನ್ನ ಕೈಗೆ ಕಟ್ಟಿಕೊಂಡೇ ಮಲಗುತ್ತಿದ್ದೇನೆ. ನಿನ್ನೆ ರಾತ್ರಿ ಅದು ಎರಡು ಸಲ ಬಿಗಿಯಾಯಿತು. ನಾನೂ ಎಳೆದೆ.