ಮೆಲ್ಲಗ ಕೇಳಬೇಕ್ರಿ
ಬೀದರ, ಭಾಲ್ಕಿ, ಔರಾದದ ನರ್ಸುಗಳಿಗೆ ತರಬೇತಿ ಕೊಡುವ ಬರ್ನಬಾಸ ಸರ್ ಬರುವ ಮೊದಲೇ ಅವರ ಮೈಕು ಬರುತ್ತದೆ. ರೋಗಿ ಬಾಲ್ಯದಲ್ಲಿ ಹೊಡೆತ ತಿಂದದ್ದನ್ನು ಹೇಗೆ ಕೇಳಿ ತಿಳಿಯಬೇಕು ಎಂಬುದು ಪಾಠ. ‘ಒಬ್ಬರೇ ಇದ್ದಾಗ ಮೆಲ್ಲಗ ಕೇಳಬೇಕ್ರಿ’ ಎಂದು ಈ ಮಹಾಶಯರು ಅಬ್ಬರಿಸಿದರೆ ಹೊರಗೆ ಆಸ್ಪತ್ರೆಯ ಚೀಟಿಗೆ ನಿಂತ ರೋಗಿಗಳ ಸಾಲೆಲ್ಲ ತಿರುಗಿ ನೋಡುತ್ತದೆ. ಮೈಕು ಕೆಳಗಿಟ್ಟು ಚಹಾ ಹಿಡಿದರೆಂದರೆ ತಮ್ಮ ಪಾಠಕ್ಕೆ ತಾವೇ ನಗುತ್ತಾರೆ: ‘ಇದೆಲ್ಲ ಈಗಿನವರ ನಾಜೂಕು ಬಿಡ್ರಿ. ನಮ್ಮಪ್ಪ ಬೆಲ್ಟಿಲೆ ಹೊಡದೇ ಬೆಳೆಸ್ಯಾನ. ನಮಗೇನಾಗ್ಯಾದ?’ ಯಾವ ಊರಿಗೆ ಹೋದರೂ ಇದೇ ಮಾತು, ಇದೇ ನಗು. ಮೊನ್ನೆ ಔರಾದದಲ್ಲಿ ಆ ನಗು ಮುಗಿಯುವ ಮೊದಲೇ, ಸೆಕೆಯೆಂದು ಸರ್ ಅವರ ತಲೆಯ ಪಕ್ಕದ ಫ್ಯಾನಿನ ಸ್ವಿಚ್ಚಿಗೆ ನರ್ಸ್ ಜೇಬಾ ಥಟ್ಟನೆ ಕೈ ಎತ್ತಿದಳು. ಸರ್ ಚಹಾದ ಕಪ್ಪು ಕೈಬಿಟ್ಟು, ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡರು.