ಅವ್ವನ ಏಳು ಜೋಳ

ಇವತ್ತು ಬೆಳಿಗ್ಗೆ ಪಲ್ಯಕ್ಕೆಂದು ಆಲೂಗಡ್ಡೆ ತೊಳೆಯುತ್ತಿದ್ದೆ. ಅಂಟಿದ ಮಣ್ಣು ನೀರಿಗೆ ಬಿಟ್ಟಾಗ ಎದ್ದ ತಣ್ಣನೆಯ ವಾಸನೆ ನನ್ನನ್ನು ಪೆರು ದೇಶದ ಆಂಡಿಸ್ ಬೆಟ್ಟಗಳಿಗೆ ಒಯ್ದು ನಿಲ್ಲಿಸಿತು. ನಗಬೇಡಿ. ಸಾಲಗುಂದವೆಂಬ ಹಳ್ಳಿಯವಳಾದ ನಾನು ಹೋದ ವರ್ಷ ಅಲ್ಲಿಗೆ ಹೋಗಿಬಂದದ್ದು ನಿಜ. ನಾಟಿ ಬೀಜ ಕಾಪಾಡುವ ಹೆಣ್ಣುಮಕ್ಕಳ ತಂಡವೊಂದು ಹೊರಟಿತ್ತು. ಕಂಡದ್ದನ್ನೆಲ್ಲ ಬರೆದಿಡುವ ಚಟ ಇದೆಯೆಂದು ನನ್ನನ್ನೂ ಕರೆದುಕೊಂಡರು. ನನ್ನ ಹೊಲದಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕರಿಮಣ್ಣಿನ ಸಪಾಟು ಬಯಲಲ್ಲಿ ಬೆಳೆದವಳು ನಾನು. ಆ ಎತ್ತರದಲ್ಲಿ ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದೆ. ಮೇಲೆ ಹಿಮದ ಶಿಖರ, ನಡುವೆ ಮೆಟ್ಟಿಲು ಮೆಟ್ಟಿಲಾದ ಹೊಲ, ಆಚೆ ಮಗ್ಗುಲಿಗೆ ಇಳಿದರೆ ದಟ್ಟ ಕಾಡು. ನಾವು ಉಳಿದ ಮನೆಯ ಅಜ್ಜಿ ಅಲ್ಲಿನ ಮೂಲದ ಕೆಚುವಾ ಜನದವಳು. ಕಲ್ಲಿನ ಕೋಣೆಯಿಂದ ಆಲೂಗಡ್ಡೆ ತಂದು ಕಂಬಳಿಯ ಮೇಲೆ ಸುರಿದಳು. ಕಪ್ಪು, ನೇರಳೆ, ಗುಲಾಬಿ. ಒಂದು ಬೆಕ್ಕಿನ ಪಂಜದಂತೆ, ಇನ್ನೊಂದು ಮುದುಕರ ಬೆರಳಿನಂತೆ ಸೊಟ್ಟ. ಇದು ಸಾರಿಗೆ, ಇದು ಹಿಮಕ್ಕೆ ಹರವಿ ಒಣಗಿಸಿಡಲು, ಇದು ಮದುವೆಯ ಊಟಕ್ಕೆ ಎಂದು ಒಂದೊಂದನ್ನೇ ಎತ್ತಿ ತೋರಿಸಿದಳು. ಇಪ್ಪತ್ತಮೂರು ಬಗೆ ಬರೆದುಕೊಂಡೆ.

"ವ್ಯಾಪಾರಿಗಳು ಬಿಳಿಯದೊಂದನ್ನೇ ಬೆಳೆ ಅಂತಾರೆ," ಎಂದಳು ದುಭಾಷಿಯ ಮೂಲಕ. "ಬೇಕಾದರೆ ಅವರೇ ಬೆಳೆದುಕೊಳ್ಳಲಿ."

ನನ್ನ ಪೆನ್ನು ನಿಂತಿತು. ನಮ್ಮ ಅವ್ವನೂ ಹೀಗೇ ಮಾತಾಡುತ್ತಿದ್ದಳು.

ಅವ್ವನ ಹತ್ತಿರ ಏಳು ಜೋಳ ಇದ್ದವು. ರೊಟ್ಟಿಗೆ ಬೇರೆ, ಕಡುಬಿಗೆ ಬೇರೆ, ಪಂಚಮಿಗೆ ಹುರಿಯುವ ಅಳ್ಳಿಗೆ ಬೇರೆ, ಹಸಿ ತೆನೆ ಸುಟ್ಟು ಸೀತನಿ ತಿನ್ನಲು ಬೇರೆ. ಏಳನ್ನೂ ನಮ್ಮ ಹೊಲದ ಎರಡೆಕರೆಯ ಒಂದೇ ಪಟ್ಟಿಯಲ್ಲಿ ಬಿತ್ತಿಸುತ್ತಿದ್ದಳು. ನಾನು ಮೂರನೆಯ ತರಗತಿಯಲ್ಲಿದ್ದಾಗ ಕಾಲುವೆ ನೀರು ಬಂತು. ಆ ಸಂಭ್ರಮದಲ್ಲಿ ಊರಿಗೆ ಊರೇ ಒಂದು ತಪ್ಪು ಮಾಡಿತು. ಎಂದಿನಂತೆ ಜೋಳವನ್ನು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ತುಂಬಿ ಬಾಯಿ ಮುಚ್ಚಿತು. ಕಾಲುವೆಯಿಂದ ಜಿನುಗುವ ಜವುಳು ನೀರು ನೆಲದಡಿಯಿಂದ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಹಗೇವು ತೆಗೆದ ದಿನ ಕೊಳೆತ ಜೋಳದಿಂದ ಎದ್ದ ಹುಳಿ ನಾತ ಓಣಿಯಿಂದ ವಾರ ಕಳೆದರೂ ಹೋಗಲಿಲ್ಲ.

"ಸಾಕು ಮಾಡ್ರಿ ಇನ್ನ," ಎಂದ ಅಪ್ಪನ ತಮ್ಮ, ನಮ್ಮ ಕಾಕಾ. "ಜ್ವಾಳ ಇಡಾಕ ಜಾಗಾನ ಇಲ್ಲ. ಕಾಲುವಿ ನೀರಿಗಂತ ಬಂದು ಕ್ಯಾಂಪ್ ಕಟ್ಟಿಕೊಂಡ ಆಂಧ್ರದೋರನ್ನ ನೋಡ್ರಿ, ಎರಡೆರಡು ಬೆಳಿ ಭತ್ತ ತಗಿಯಾಕತ್ತಾರ."

"ಹಗೇವಿಗೆ ನೀರು ಬಂದದ್ದು ಜ್ವಾಳದ ತಪ್ಪಲ್ಲ," ಎಂದಳು ಅವ್ವ. ಬಿತ್ತನೆಯ ತೆನೆಗಳನ್ನು ಅವಳು ಒಲೆಯ ಮೇಲಿನ ಜಂತಿಗೆ ಕಟ್ಟಿದ್ದಳು. ಹೊಗೆ ತಿಂದು ಕಪ್ಪಾಗಿದ್ದರೂ ಕಾಳು ಗಟ್ಟಿಯಿದ್ದವು.

ಉಳಿದ ಹೊಲವೆಲ್ಲ ಗದ್ದೆಯಾಯಿತು. ಪಟ್ಟಿಗೂ ನೀರು ತಿರುಗಿಸುವ ದಿನ ಅವ್ವ ಮುಂಚೆಯೇ ಹೋಗಿ ನೀರು ಒಳಬರುವ ಬಾಯಿಯಲ್ಲಿ ಕುಳಿತುಬಿಟ್ಟಳು.

"ಏಳ್ರಿ ವೈನಿ, ಮಂದಿ ನೋಡಾಕತ್ತಾರ," ಎಂದ ಕಾಕಾ.

"ನೋಡ್ಲಿ. ನನ್ನ ತೋಯ್ಸಿಕೊಂಡ ನೀರು ಒಳಗ ಹೋಗ್ಲಿ. ನಾಳೆ ನಿನ್ನ ಮಕ್ಕಳು ಸೀತನಿ ಕೇಳಿದ್ರ ಭತ್ತದ ತೆನಿ ಸುಟ್ಟು ಕೊಡು."

ನೀರು ಅವಳ ಮೊಣಕಾಲು ಮುಟ್ಟಿತು. ಅಪ್ಪ ಸಲಿಕೆ ಎತ್ತಿ ಮೇಲುಗಡೆ ಮಣ್ಣು ಹಾಕಿ ಕಟ್ಟಿದ. "ಆಕಿ ಇರೋತನಕ ಆ ಪಟ್ಟಿ ಮುಟ್ಟಬ್ಯಾಡಲೇ," ಎಂದ ತಮ್ಮನಿಗೆ.

ಅವ್ವ ಇರುವ ತನಕ ಯಾರೂ ಮುಟ್ಟಲಿಲ್ಲ. ಆಮೇಲೆ ಪಟ್ಟಿ ನನ್ನ ಪಾಲಿಗೆ ಬಂತು. ಮರುವರ್ಷವೇ ಅದನ್ನು ಭತ್ತಕ್ಕೆ ಲಾವಣಿ, ಅಂದರೆ ಗುತ್ತಿಗೆ, ಕೊಟ್ಟವಳು ಕಾಕಾ ಅಲ್ಲ, ಕ್ಯಾಂಪಿನವರಲ್ಲ, ನಾನು.

ಇದನ್ನೆಲ್ಲ ಆ ಬೆಟ್ಟದ ಅಜ್ಜಿಗೆ ಹೇಳಿದೆ, ಕಡೆಯದೊಂದನ್ನು ಬಿಟ್ಟು. ಅವಳು ಕೇಳಿದ್ದು ಅದನ್ನೇ.

"ಆ ಏಳನ್ನು ಈಗ ಯಾರು ಬಿತ್ತುತ್ತಾರೆ?"

"ಯಾರೂ ಇಲ್ಲ."

ಅವಳು ಸಮಾಧಾನ ಹೇಳಲಿಲ್ಲ. "ಹಾಗಾದರೆ ಇಲ್ಲಿಗೆ ಏನು ನೋಡಲು ಬಂದೆ?" ಎಂದಳು.

ತಿರುಗಿ ಬಂದ ಮೇಲೆ ಮಸ್ಕಿ ಕಡೆಯ ಕಾಲುವೆ ಮುಟ್ಟದ ಊರುಗಳಲ್ಲಿ ಮನೆ ಮನೆ ಕೇಳಿ ಅಲೆದೆ. ಏಳರಲ್ಲಿ ಎರಡು ಸಿಕ್ಕವು.

ಈಗಷ್ಟೇ ಲಾವಣಿ ಮಾಡುವ ಹನುಮಂತಪ್ಪ ಬಂದಿದ್ದ. "ಅಕ್ಕಾರ, ಕಾಲುವಿ ಬಿಟ್ಟಾರ. ಪಟ್ಟಿಗೆ ನೀರು ಕಟ್ಟಲೇನ್ರಿ?"

"ಬ್ಯಾಡ. ಜ್ವಾಳ ಹಾಕ್ತೀನಿ."

"ನೀರಿನ ಬಗಲಾಗ ಜ್ವಾಳ ಬಿತ್ತಿದ್ರ ಮಂದಿ ಹುಚ್ಚಿ ಅಂತಾರ್ರಿ."

"ಅನ್ಲಿ. ನೀ ಸುತ್ತ ಬದು ಏರಿಸು. ಮಗ್ಗಲ ಗದ್ದಿ ನೀರು ಒಂದು ಹನಿ ಒಳಗ ಬರಬಾರದು."

ಅವನು ತಲೆ ಕೆರೆದುಕೊಂಡು ಹೋದ. ಪಟ್ಟಿಯನ್ನು ಏಳು ಪಾಲು ಮಾಡುತ್ತೇನೆ. ಎರಡರಲ್ಲಿ ಬಿತ್ತುತ್ತೇನೆ. ಉಳಿದ ಐದು ಬೀಳಿರಲಿ. ಹಾದುಹೋಗುವವರು ಯಾಕೆಂದು ಕೇಳಲಿ, ಉತ್ತರ ನಾನೇ ಹೇಳುತ್ತೇನೆ.