ಗಂಟು ಕೊಡದೇ ಬುಕ್ ಮಾಡಿಸಿದ ಲಸಿಕೆ

ಆಪರೇಷನ್‌ಗೆ ಐದೇ ದಿನ ಇರುವಾಗ ನಮ್ಮತ್ತೆ ಅದನ್ನು ಕ್ಯಾನ್ಸಲ್ ಮಾಡಿಬಿಟ್ಟಳು.

ಕಾರಣ ಯಾರು ಅಂತೀರಿ? ನಾನೇ!

ಅತ್ತೆ ಅಂದರೆ ಅಪ್ಪನ ಅಕ್ಕ, ಗಂಗವ್ವ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವುದು ಅವಳ ಮೂವತ್ತು ವರ್ಷದ ಕೆಲಸ. ಎದೆಯಲ್ಲೊಂದು ಗಂಟು ಕಾಣಿಸಿ, ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿತ್ತು. ಈಗಲೇ ತೆಗೆದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ ಅಂತ ಹಾವೇರಿಯ ಡಾಕ್ಟರ್ ಧೈರ್ಯ ಕೊಟ್ಟಿದ್ದರು.

ನಾನು ಹೈಸ್ಕೂಲ್ ವಿಜ್ಞಾನ ಟೀಚರ್. ಬಾಯಿ ಸುಮ್ಮನಿರಬೇಕಲ್ಲ...

ಅವಳನ್ನು ಕೂರಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದೆ. ಕ್ಯಾನ್ಸರ್‌ಗೂ ಎಂಆರ್‌ಎನ್‌ಎ ಲಸಿಕೆ ಬರುತ್ತಿದೆ, ಈ ಗಂಟೇ ಶತ್ರು ಅಂತ ಅದು ನಮ್ಮ ದೇಹಕ್ಕೆ ಗುರುತು ಹೇಳಿಕೊಡುತ್ತದೆ, ಮುಂದೆ ಏನೇನೋ ಆಗಬಹುದು ಅಂತೆಲ್ಲ. ಇನ್ನೂ ಪ್ರಯೋಗದ ಹಂತದಲ್ಲಿದೆ ಅನ್ನುವುದನ್ನೂ ಹೇಳಿದೆ. ಆದರೆ ಕೊನೆಯಲ್ಲಿ, ಮೆಲ್ಲಗೆ.

ಮಾವ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ರಾಣೆಬೆನ್ನೂರಿನ ಬೀಜದಂಗಡಿಗೆ ಹೊಸ ತಳಿ ಬರುತ್ತದೆ ಅಂದರೆ ಎಲ್ಲರಿಗಿಂತ ಮೊದಲು ಹೋಗಿ ಹೆಸರು ಬರೆಸಿ ಬರುವ ಮನುಷ್ಯ ಅವನು.

ಮರುದಿನವೇ ಬಸ್ ಹತ್ತಿದ. ರಾಣೆಬೆನ್ನೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಲಸಿಕೆಗೆ ಹೆಂಡತಿಯ ಹೆಸರು ಬರೆಸಿಯೇ ಬಂದ! ಆ ಅಂಗಡಿಯವನಿಗೆ ಏನು ತಿಳಿಯಿತೋ ಏನೋ, ಪಾಪ, ಬರೆದುಕೊಂಡಿದ್ದಾನೆ.

"ಹೊಸಾದು ಬರಾಕತ್ತೈತಿ ಅಂದಮ್ಯಾಲೆ ಹಳೇದಕ್ಯಾಕ ಕೈ ಹಾಕೂದು? ಒಂದ್ ಹಂಗಾಮ ತಡಿಯೂಣು" ಅಂದ ಮಾವ. ಅತ್ತೆ "ಹೌದ್ ಹೌದು" ಅಂತ ತಲೆ ಆಡಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಆಪರೇಷನ್ ತಡ ಮಾಡಬಾರದು ಅಂತ ಎರಡು ದಿನ, ಬೋರ್ಡ್ ಒಂದಿಲ್ಲ ಅನ್ನುವುದು ಬಿಟ್ಟರೆ, ಪೂರ್ತಿ ಕ್ಲಾಸೇ ತೆಗೆದುಕೊಂಡೆ. ಇಬ್ಬರೂ ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಇಬ್ಬರನ್ನೂ ಆಟೋದಲ್ಲಿ ತುಂಬಿಕೊಂಡು ಅದೇ ಹಾವೇರಿ ಡಾಕ್ಟರ್ ಮುಂದೆ ಕೂರಿಸಿದೆ. ಬೈಸಿಕೊಳ್ಳಲು ನಾನೂ ತಯಾರಾಗಿಯೇ ಹೋಗಿದ್ದೆ. ಆ ಮೇಡಂ ಬೈಯಲಿಲ್ಲ.

"ಅವ್ವಾರ, ನೀವು ಕೇಳಿದ್ದು ಖರೇ ಐತ್ರಿ. ಆದ್ರ ಅಂಥಾ ಲಸಿಕಿ ಭಾಳಷ್ಟು ಒಬ್ಬೊಬ್ಬರಿಗೆ ಒಂದೊಂದು ತಯಾರು ಮಾಡ್ತಾರ. ಮದ್ಲ ಗಂಟು ತಗದು, ಲ್ಯಾಬಿನ್ಯಾಗ ಅದರ ಗುಣ ಓದಬೇಕು. ಆಮ್ಯಾಲೆ ಲಸಿಕಿ. ಅದೂ ಇನ್ನೂ ಪರೀಕ್ಷಾದಾಗ ಐತಿ, ನಮಗ ಯಾವಾಗ ಸಿಗತೈತೋ ಗೊತ್ತಿಲ್ಲ. ಅಲ್ಲೀತನಕ ನಿಮ್ಮ ಗಂಟು ಕಾಯಂಗಿಲ್ರಿ."

ಅತ್ತೆ ಮೆಲ್ಲಗೆ ಗಂಡನ ಕಡೆ ತಿರುಗಿದಳು.

"ಬ್ಯಾಡಗಿ ಪ್ಯಾಟ್ಯಾಗ ಕಾಯಿ ಮುರದು ನೋಡಲಾರದ ಯಾರರ ರೇಟ್ ಬರದು ಟೆಂಡರ್ ಹಾಕ್ತಾರೇನ್ರಿ? ಮಾಲ್ ಇನ್ನೂ ನನ್ನ ಮೈಯಾಗ ಐತಿ, ನೀವು ಬುಕಿಂಗ್ ಮಾಡಿ ಬಂದೀರಿ! ಏನ್ ಶ್ಯಾಣ್ಯಾರೋ ನಮ್ಮಪ್ಪ!"

ಮಾವ ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದ. ಡಾಕ್ಟರ್ ಬಾಯಿಗೆ ಕರ್ಚೀಫ್ ಅಡ್ಡ ಹಿಡಿದುಕೊಂಡರು.

ಅಲ್ಲೇ ಆಪರೇಷನ್‌ಗೆ ಹೊಸ ದಿನ ನಿಗದಿಯಾಯಿತು. ನಾನು ಗೆದ್ದೆ ಅಂತ ಒಳಗೊಳಗೇ ಬೀಗಿದೆ.

ಆಪರೇಷನ್ ದಿನ ಬೆಳಿಗ್ಗೆ, ಸ್ಟ್ರೆಚರ್ ಥಿಯೇಟರ್ ಬಾಗಿಲ ಹತ್ತಿರ ಬಂದಾಗ ಅತ್ತೆ ನನ್ನ ಕೈ ಹಿಡಿದುಕೊಂಡಳು.

"ಸುಮಾ, ಆ ಲಸಿಕಿ ಗಿಸಿಕಿ ನನಗೇನ್ ತಿಳೀತೈತಿ ಬೇ... ಕೊಯ್ತಾರಂತ ಅಂಜಿಕಿ ಬಂದಿತ್ತು. ನೀ ಒಂದ್ ನೆಪ ಕೊಟ್ಟಿ, ಹಿಡ್ಕೊಂಡೆ."

ನನಗೆ ಅಳು ಬಂತು.

ಇದೆಲ್ಲ ಆಗಿ ಮೂರು ವಾರ. ಗಂಟು ತೆಗೆದಿದ್ದಾರೆ, ಮುಂದಿನ ಚಿಕಿತ್ಸೆ ಶುರುವಾಗಬೇಕು. ಅತ್ತೆ ಮಂಚದ ಮೇಲೆ ಕೂತು ಮಾವನಿಗೆ ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕು ಅಂತ ಕಲಿಸುತ್ತಿದ್ದಾಳೆ. ಆ ಲಸಿಕೆ ಲಗೂ ಬರಲಿ ಅಂತ ನಾನೂ ಪೇಪರ್ ನೋಡುತ್ತಲೇ ಇದ್ದೇನೆ.

ಆದರೆ ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಎರಡು ದಿನ ಅಷ್ಟೆಲ್ಲ ವಿಜ್ಞಾನ ಹೇಳಿದ ನಾನು, "ಅತ್ತೀ, ಅಂಜಿಕಿ ಆಗಾಕತ್ತೈತೇನು?" ಅಂತ ಒಂದು ಸಲವೂ ಯಾಕೆ ಕೇಳಲಿಲ್ಲ?